ಊಟದ ಜೊತೆಗೆ ಮಾತ್ರೆ, ಪೌಡರ್ ಬೇಕೇ?



ಶಿವಮೊಗ್ಗದ ಗಾಂಧಿ ಬಜಾರಿಗೆ ತಿಂಗಳ ಸಾಮಾನು ತರಲು ಹೋದಾಗ ನಮ್ಮಲ್ಲಿ ಎಷ್ಟೋ ಜನ ಹೀಗೆ ಮಾಡುತ್ತೇವೆ. ದಿನಸಿ ಅಂಗಡಿಯಲ್ಲಿ ನಿಂತು, ರಾಗಿ ಎರಡು ಕೆ.ಜಿ. ಸಾಕು, ಶೇಂಗಾ ಈ ಸಲ ಬೇಡ ಅಂತ ಚೀಟಿಯಲ್ಲಿ ಗೀಟು ಹಾಕುತ್ತೇವೆ. ಹಾಗೆ ಉಳಿಸಿದ ದುಡ್ಡು ಹಿಡಿದು ಮೆಡಿಕಲ್ ಶಾಪಿಗೆ ಹೋಗಿ ಮಗುವಿಗೆ ಒಂದು 'ಶಕ್ತಿ' ಪೌಡರಿನ ಡಬ್ಬಿ, ನಮ್ಮ ಸುಸ್ತಿಗೆ ಒಂದು ಟಾನಿಕ್ ತರುತ್ತೇವೆ. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಟ್ಟ ಕೆಂಪು ಮಾತ್ರೆ ಮಾತ್ರ ಮನೆಯ ಗೂಡಿನಲ್ಲಿ ಹಾಗೇ ಬಿದ್ದಿರುತ್ತದೆ.

ದುಡ್ಡು ಕೊಟ್ಟು ತಂದದ್ದು ಬಹಳ ಮನೆಗಳಿಗೆ ಬೇಕಿಲ್ಲದ್ದು. ಗೂಡಿನಲ್ಲಿ ಬಿದ್ದಿರುವುದೇ ಬೇಕಾದದ್ದು. ಇದು ಹೇಗೆ ಅಂತ ಈ ಪಾಠದಲ್ಲಿ ನೋಡೋಣ.

ಮೊದಲು ಆ ಕೆಂಪು ಮಾತ್ರೆಯ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಭದ್ರಾವತಿ ನಮ್ಮ ಪಕ್ಕದಲ್ಲೇ ಇದೆ, ಆದರೂ ನಮ್ಮ ರಕ್ತದಲ್ಲಿ ಕಬ್ಬಿಣವಿಲ್ಲ ಅಂತ ನಾವು ಸಭೆಗಳಲ್ಲಿ ತಮಾಷೆಗೆ ಹೇಳುವುದುಂಟು. ತಮಾಷೆ ಅಲ್ಲಿಗೆ ಮುಗಿಯುತ್ತದೆ. ರಕ್ತ ಕಡಿಮೆ ಇರುವ ಬಸುರಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಪ್ರಾಣಕ್ಕೆ ಅಪಾಯ. ಹುಟ್ಟುವ ಮಗುವಿನ ತೂಕವೂ ಕಡಿಮೆಯಾಗಬಹುದು.

"ಸೊಪ್ಪು ತಿಂದರೆ ಸಾಲದಾ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿ ನೋಡಿ. ಬಸುರಿಗೆ ದಿನಕ್ಕೆ 27 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. 100 ಗ್ರಾಂ ರಾಗಿಯಲ್ಲಿ ಇರುವುದು ನಾಲ್ಕೈದು ಮಿಲಿಗ್ರಾಂ. ಸೊಪ್ಪು, ಕಾಳು, ಧಾನ್ಯಗಳಲ್ಲಿ ಇರುವ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಮೀನು, ಮಾಂಸದ್ದು ಇದಕ್ಕಿಂತ ಚೆನ್ನಾಗಿ ಹತ್ತುತ್ತದೆ, ಆದರೆ ನಮ್ಮ ಎಷ್ಟು ಮನೆಗಳಲ್ಲಿ ಅದು ದಿನಾ ಬೇಯುತ್ತದೆ? ಬೆಂದರೂ ಹೆಂಗಸರ ತಟ್ಟೆಗೆ ಬರುವುದು ಕೊನೆಯ ತುಂಡು. ಆದ್ದರಿಂದ ಬಸುರಿತನದಲ್ಲಿ ಎಷ್ಟು ಚೆನ್ನಾಗಿ ಉಂಡರೂ ಕಬ್ಬಿಣದ ಕೊರತೆ ತುಂಬುವುದು ಕಷ್ಟ. ಸರಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಶಾಲೆಗೆ ಹೋಗುವ ದೊಡ್ಡ ಹುಡುಗ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ.

ಹಾಗಾದರೆ ಯಾಕೆ ನುಂಗುವುದಿಲ್ಲ? ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗೆ ಹೋಗುತ್ತದೆ, ಮಗು ಕಪ್ಪಾಗುತ್ತೆ ಅಂತ ಅತ್ತೆ ಹೇಳ್ತಾರೆ. ಮಲ ಕಪ್ಪಾಗುವುದು ನಿಜ, ಅದರಿಂದ ಏನೂ ತೊಂದರೆಯಿಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ. ಹೊಟ್ಟೆ ತೊಳಸುವವರು ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ತೆಗೆದುಕೊಂಡರೆ ತಡೆಯುತ್ತದೆ. ಮುಖ್ಯವಾಗಿ ಕಾಫಿ, ಚಾ ಜೊತೆ ಬೇಡ. ಒಂದು ಗಂಟೆಯಾದರೂ ಬಿಡಿ. ಚಾದಲ್ಲಿರುವ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಬಿಡುವುದಿಲ್ಲ. ಬದಲಿಗೆ ನಿಂಬೆ ಶರಬತ್ತು, ಒಂದು ನೆಲ್ಲಿಕಾಯಿ, ಪೇರಲೆ ಹಣ್ಣು ಒಳ್ಳೆಯದು. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡುವುದೂ ಇದೇ ಕಾರಣಕ್ಕೆ ಒಳ್ಳೆಯದು. ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ನುಂಗಬೇಡಿ. ಒಂದು ಮಧ್ಯಾಹ್ನ ಆದರೆ ಇನ್ನೊಂದು ರಾತ್ರಿ.

ಫೋಲಿಕ್ ಆಸಿಡ್ ಬಗ್ಗೆ ಒಂದು ಮಾತು ಹೇಳಲೇಬೇಕು. ಇದರ ಕಥೆಗೆ ನಮ್ಮ ದೇಶದ ನಂಟಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರಿಗೆ ಯಾಕೆ ಇಷ್ಟು ರಕ್ತಹೀನತೆ ಅಂತ ಹುಡುಕಿದರು. ಹುದುಗಿನ ಸಾರ ತಿನ್ನಿಸಿದಾಗ ಅವರು ಚೇತರಿಸಿಕೊಂಡರು. ಅದರೊಳಗಿದ್ದ ಸತ್ವವೇ ಮುಂದೆ ಫೋಲಿಕ್ ಆಸಿಡ್ ಅನ್ನಿಸಿಕೊಂಡಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ್ದರಿಂದ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಅದಕ್ಕೆ ಹೆಸರು ಬಂತು. ಗರ್ಭ ನಿಂತ ಮೊದಲ 28 ದಿನಗಳಲ್ಲೇ ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಬೇಕು. ಆಗ ಫೋಲಿಕ್ ಆಸಿಡ್ ಕಡಿಮೆಯಾದರೆ ಬೆನ್ನುಹುರಿಯ ದೋಷ ಬರುವ ಸಂಭವ ಹೆಚ್ಚು. ಅಷ್ಟು ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಹಾಗಾಗಿ ಮಗು ಬೇಕು ಅಂತ ಯೋಚಿಸುವಾಗಲೇ ಆಶಾ ಕಾರ್ಯಕರ್ತೆಯನ್ನು ಕೇಳಿ ಈ ಮಾತ್ರೆ ಶುರುಮಾಡಬೇಕು.

ಊಟದಿಂದ ಪೂರೈಸದ ಇನ್ನೊಂದು ಬಿ12. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇದೆ, ಸೊಪ್ಪು ಕಾಳುಗಳಲ್ಲಿ ಇಲ್ಲ. ಹಾಲೂ ಕಡಿಮೆ ಕುಡಿಯುವ ಸಸ್ಯಾಹಾರಿಗಳು, ವಯಸ್ಸಾದವರು, ಸಕ್ಕರೆ ಕಾಯಿಲೆಗೆ ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ನುಂಗುವವರು ಕೈಕಾಲು ಜೋಮು ಹಿಡಿಯುತ್ತಿದ್ದರೆ ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ.

ಕೊರತೆಯೇ ಇಲ್ಲದವರ ಮಾತು ಬೇರೆ. ರಾಗಿ ಮುದ್ದೆಯೋ ಅಕ್ಕಿ ರೊಟ್ಟಿಯೋ, ಹುರುಳಿ ಸಾರು, ಬಸಳೆ, ನುಗ್ಗೆ, ಹೊನಗೊನೆ ಸೊಪ್ಪು, ಮಜ್ಜಿಗೆ, ವಾರಕ್ಕೆರಡು ಸಲ ಮೊಟ್ಟೆಯೋ ಮೀನೋ, ಒಂದು ಹಣ್ಣು. ಇಷ್ಟು ತಿನ್ನುವ ಆರೋಗ್ಯವಂತರಿಗೆ ಬಣ್ಣದ ಡಬ್ಬಿಯಿಂದ ಹೆಚ್ಚಿನ ಲಾಭವಿಲ್ಲ. ರಾಗಿ 100 ಗ್ರಾಂನಲ್ಲೇ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮಗುವಿಗೆ ಆ ಪೌಡರು ಯಾಕೆ? ಡಬ್ಬಿಯ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದೆ. ಯಾವುದು ಹೆಚ್ಚು ಹಾಕಿದ್ದಾರೋ ಅದನ್ನು ಮೊದಲು ಬರೆಯಬೇಕು ಅಂತ ನಿಯಮ. ಸಕ್ಕರೆ ಎಷ್ಟನೆಯದಾಗಿ ಬಂದಿದೆ ನೋಡಿ. 'ಹೆಲ್ತ್ ಡ್ರಿಂಕ್' ಅನ್ನುವ ಹೆಸರಿಗೆ ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅರ್ಥವೇ ಇಲ್ಲ. ಅದಕ್ಕೇ 2024ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ, ಆನ್‌ಲೈನ್ ಮಾರುವವರು ಇಂಥ ಪಾನೀಯಗಳನ್ನು ಆ ಹೆಸರಿನ ಕೆಳಗೆ ಇಡಬಾರದು ಅಂತ ಸೂಚಿಸಿತು.

"ಲಾಭ ಇಲ್ಲದಿದ್ದರೆ ಬೇಡ, ನಷ್ಟವಂತೂ ಇಲ್ವಲ್ಲ" ಅನ್ನಬೇಡಿ. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್ ಕ್ಯಾನ್ಸರ್ ತಡೆಯಬಹುದು ಅಂತ ಫಿನ್‌ಲ್ಯಾಂಡ್ ದೇಶದಲ್ಲಿ 29 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ಪರೀಕ್ಷೆ ಮಾಡಿದರು. ಎಲ್ಲರೂ ಸಿಗರೇಟು ಸೇದುವವರು. 1994ರಲ್ಲಿ ಫಲಿತಾಂಶ ಬಂದಾಗ, ಆ ಮಾತ್ರೆ ತಿಂದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಕ್ಯಾರೆಟ್ ತಿನ್ನುವುದೂ ಮಾತ್ರೆ ನುಂಗುವುದೂ ಒಂದೇ ಅಲ್ಲ. ಇಲ್ಲೇ ಹತ್ತಿರದ ಅಪಾಯ ಇನ್ನೊಂದಿದೆ. ಮಂಡಿ ನೋವಿಗೆ ಡಾಕ್ಟರು ಬರೆಯುವ ವಿಟಮಿನ್ ಡಿ ಪುಡಿಯ ಸಣ್ಣ ಪಟ್ಟಣದಲ್ಲಿ 60 ಸಾವಿರ ಯೂನಿಟ್ ಇರುತ್ತದೆ. ಅದು ಸಾಮಾನ್ಯವಾಗಿ ವಾರಕ್ಕೊಂದು, ಅದೂ ಅವರು ಹೇಳಿದಷ್ಟು ವಾರ. ದಿನಾ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ. ಅಕ್ಕನಿಗೆ ಬರೆದ ಚೀಟಿಯನ್ನು ತಂಗಿ ತೋರಿಸಿ ತರುವ ಅಭ್ಯಾಸ ಬಿಡಬೇಕು. ಇನ್ನು ಕೆಂಪು ಮಾತ್ರೆ: ಸಕ್ಕರೆ ಲೇಪ ಇರುವುದರಿಂದ ಮಕ್ಕಳು ಮಿಠಾಯಿ ಅಂತ ನುಂಗಿಬಿಡುತ್ತಾರೆ. ಹೆಚ್ಚು ನುಂಗಿದರೆ ಮಗುವಿಗೆ ಅದು ವಿಷ. ಕೈಗೆ ಸಿಗದ ಕಡೆ ಇಡಿ.

ಮುಂದಿನ ಸಭೆಗೆ ಬರುವಾಗ ಮನೆಯಲ್ಲಿರುವ ಪೌಡರ್ ಡಬ್ಬಿ, ಟಾನಿಕ್ ಬಾಟಲಿ, ನುಂಗದೆ ಉಳಿದ ಮಾತ್ರೆ, ತಾಯಿ ಕಾರ್ಡ್ ಎಲ್ಲಾ ತನ್ನಿ. ಓದಲು ಬರುವವರು ಬಾರದವರಿಗೆ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ ಹೇಳಲಿ. ಕಾರ್ಡಿನಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಬರೆದಿರುವ ಬಸುರಿಯರು ಸಭೆಯವರೆಗೂ ಕಾಯಬೇಡಿ, ಈ ವಾರವೇ ಆರೋಗ್ಯ ಕೇಂದ್ರಕ್ಕೆ ಹೋಗಿ. 7ಕ್ಕಿಂತ ಕೆಳಗಿದ್ದರೆ ಅದೇ ದಿನ ಮೆಗ್ಗಾನ್ ಆಸ್ಪತ್ರೆಗೆ.