ಹೊಸ ಮನೆಯಿಂದ ಸೈಕಲ್ ಸವಾರಿ: ಹೊರಡುವ ಮುನ್ನ ಮರಳುವ ದಾರಿ ನೋಡಿ

ಪೇಟೆಯ ಇಕ್ಕಟ್ಟಾದ ಬಾಡಿಗೆ ಮನೆ ಬಿಟ್ಟು ಊರ ಹೊರಗೆ ಐದು ಸೆಂಟ್ಸ್ ಜಾಗದಲ್ಲಿ ಸ್ವಂತ ಮನೆ ಕಟ್ಟಿದ್ದೀರಿ. ಅಲ್‌ಹಮ್ದುಲಿಲ್ಲಾಹ್. ಗಾಳಿ ಬೆಳಕು ಚೆನ್ನಾಗಿದೆ, ಮಕ್ಕಳಿಗೆ ಆಡಲು ಅಂಗಳವೂ ಇದೆ. ಆದರೆ ಮೊದಲು ನಡೆದೇ ಹೋಗುತ್ತಿದ್ದ ಅಂಗಡಿ ಅಥವಾ ಆಫೀಸು ಈಗ ಹತ್ತು-ಹನ್ನೆರಡು ಕಿ.ಮೀ. ದೂರವಾಗಿದೆ. ನಡಿಗೆ ನಿಂತಿತು, ಸ್ಕೂಟರ್ ಬಂತು. ವರ್ಷ ಕಳೆಯುವಷ್ಟರಲ್ಲಿ ಹೊಟ್ಟೆ ಮುಂದೆ ಬಂತು, ಬಿ.ಪಿ. ಏರಿತು. ವೈದ್ಯರು ವ್ಯಾಯಾಮ ಮಾಡಿ ಎಂದಾಗ ನಿಮಗೆ ಸೈಕಲ್ ನೆನಪಾಗುತ್ತದೆ.

ಯೋಚನೆ ಒಳ್ಳೆಯದೇ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಪೆಡಲ್ ತುಳಿದರೆ ಮೂರೇ ದಿನಗಳಲ್ಲಿ ಅದು ಪೂರ್ಣವಾಗುತ್ತದೆ. ಆದರೆ ಆರೋಗ್ಯಕ್ಕೆಂದು ಹೊರಟವರು ಆಸ್ಪತ್ರೆ ಸೇರಬಾರದಲ್ಲ! ಒಂಟೆಯನ್ನು ಮೊದಲು ಕಟ್ಟಿ, ಆಮೇಲೆ ತವಕ್ಕುಲ್ ಎಂಬ ಪಾಠ ನಮಗೆಲ್ಲ ಗೊತ್ತು. ಸೈಕಲ್ ಸವಾರನಿಗೆ ಒಂಟೆ ಕಟ್ಟುವುದೆಂದರೆ ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು.

ಸ್ಕೂಟರಿನ ದಾರಿ ಸೈಕಲಿನ ದಾರಿಯಲ್ಲ

ದಿನಾ ಓಡಾಡುವ ರಸ್ತೆ ತಾನೇ ಎಂದುಕೊಳ್ಳಬೇಡಿ. ಎಂಜಿನ್ ಇರುವಾಗ ಏರು ಗೊತ್ತಾಗುವುದಿಲ್ಲ, ಹೊಂಡ ದೊಡ್ಡದೆನಿಸುವುದಿಲ್ಲ.

ಮಂಗಳೂರಿನ ಹೊರವಲಯವನ್ನೇ ನೋಡಿ. ದೇರಳಕಟ್ಟೆ ಕಡೆ ಮನೆ, ಹಂಪನಕಟ್ಟೆಯಲ್ಲಿ ಕೆಲಸ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಕುತ್ತಾರ್ ದಾಟಿ ತೊಕ್ಕೊಟ್ಟಿಗೆ ಇಳಿಯುವುದು ಸುಲಭ. ಆದರೆ ಸಂಜೆ ದುಡಿದು ದಣಿದ ಮೇಲೆ ಅದೇ ಇಳಿಜಾರು ಏರಾಗಿ ಎದುರು ನಿಲ್ಲುತ್ತದೆ. ತೊಕ್ಕೊಟ್ಟಿನಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ 66, ಅದರ ಮೇಲೆ ನೇತ್ರಾವತಿ ಸೇತುವೆ. ಅಲ್ಲಿ ಗಾಳಿ ಅಡ್ಡ ಬೀಸುತ್ತದೆ. ಬಸ್ಸು ಪಕ್ಕದಲ್ಲೇ ಹಾದುಹೋದಾಗ ಸೈಕಲ್ ವಾಲುತ್ತದೆ, ಸರಿಯಲು ಜಾಗವಿಲ್ಲ. ಸೇತುವೆ ದಾಟಿದ ಮೇಲೆ ನೇರ ಪಂಪ್‌ವೆಲ್‌ಗೆ ಹೋಗಬಹುದು, ಇಲ್ಲವೇ ಜೆಪ್ಪಿನಮೊಗರಿನಿಂದ ಮಹಾಕಾಳಿಪಡ್ಪು, ಮೋರ್ಗನ್ಸ್‌ಗೇಟ್ ಕಡೆಗೆ ಹೆದ್ದಾರಿ ಬಿಟ್ಟು ತಿರುಗಬಹುದು. ಇಂಥ ಕವಲುಗಳನ್ನು ಹುಡುಕುವುದೇ ಯೋಜನೆಯ ಮುಖ್ಯ ಕೆಲಸ. ಒಂದೆರಡು ಕಿ.ಮೀ. ಹೆಚ್ಚಾದರೂ ನಿಧಾನದ ರಸ್ತೆಯೇ ಸೈಕಲಿಗೆ ಒಳ್ಳೆಯದು.

ರಜಾದಿನದ ಪರೀಕ್ಷೆ

ಮೊದಲು ಮೊಬೈಲ್ ನಕಾಶೆಯಲ್ಲಿ ಎರಡು ಮೂರು ದಾರಿಗಳನ್ನು ಗುರುತಿಸಿ. ಒಂದು ಭಾನುವಾರ ಸೂರ್ಯೋದಯದ ನಂತರ ಅವುಗಳಲ್ಲಿ ಒಂದರಲ್ಲಿ ಹೋಗಿ ಬನ್ನಿ, ಇನ್ನೊಂದು ವಾರ ಮತ್ತೊಂದರಲ್ಲಿ. ಅವಸರ ಬೇಡ. ಹೊಸಬರು ಗಂಟೆಗೆ 12ರಿಂದ 15 ಕಿ.ಮೀ. ಹೋದರೆ ಸಾಕು, ಅಂದರೆ ಹತ್ತು ಕಿ.ಮೀ.ಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಹೋಗುವಾಗ ಇವನ್ನು ಬರೆದುಕೊಳ್ಳಿ:

• ಇಳಿದು ತಳ್ಳಬೇಕಾದ ಏರು ಎಲ್ಲಿದೆ?
• ಬಲಕ್ಕೆ ತಿರುಗುವಾಗ ವೇಗದ ವಾಹನಗಳನ್ನು ಅಡ್ಡ ದಾಟಬೇಕೇ?
• ಬಸ್ಸುಗಳು ಎಡಕ್ಕೆ ನುಗ್ಗಿ ನಿಲ್ಲುವ ತಂಗುದಾಣಗಳು ಯಾವುವು?
• ಚರಂಡಿ ಮುಚ್ಚಳ ಇಲ್ಲದ, ಜಲ್ಲಿ ಹರಡಿದ, ಬೀದಿದೀಪವಿಲ್ಲದ ಜಾಗ ಎಲ್ಲಿ?
• ಪಂಕ್ಚರ್ ಅಂಗಡಿ, ಕುಡಿಯುವ ನೀರು, ಮಸೀದಿ ಎಲ್ಲಿ ಸಿಗುತ್ತವೆ?

ಭಾನುವಾರದ ರಸ್ತೆ ಸೋಮವಾರದ ರಸ್ತೆಯಲ್ಲ. ಆದ್ದರಿಂದ ಆರಿಸಿದ ದಾರಿಯಲ್ಲಿ ಒಂದು ಕೆಲಸದ ದಿನ ಬೆಳಿಗ್ಗೆ, ಇನ್ನೊಂದು ದಿನ ಸಂಜೆ ಬಸ್ಸಿನಲ್ಲಿ ಕುಳಿತು ಗಮನಿಸಿ. ಸಂಜೆಯ ದಾರಿ ಒಪ್ಪಿಗೆಯಾದರೆ ಮಾತ್ರ ಬೆಳಿಗ್ಗೆ ಸೈಕಲ್ ಹೊರತೆಗೆಯಿರಿ.

ನಮಾಝ್ ವೇಳಾಪಟ್ಟಿಯೇ ಗಡಿಯಾರ

ಗೋಡೆಯ ಮೇಲಿನ ನಮಾಝ್ ವೇಳಾಪಟ್ಟಿ ಇಲ್ಲಿ ನೆರವಾಗುತ್ತದೆ. ಮಂಗಳೂರಿನಲ್ಲಿ ಜೂನ್ ಕೊನೆಗೆ ಮಗ್ರಿಬ್ ಏಳರ ಸುಮಾರಿಗಾದರೆ ನವೆಂಬರ್ ಕೊನೆಗೆ ಆರರ ಸುಮಾರಿಗೇ ಆಗುತ್ತದೆ. ಮಗ್ರಿಬ್‌ಗೆ ಮುನ್ನ ಮನೆ ತಲುಪಲಾಗದಿದ್ದರೆ ನೀವು ಕತ್ತಲಲ್ಲಿ ಸಾಗುತ್ತಿದ್ದೀರಿ ಎಂದೇ ಅರ್ಥ. ಅವಸರದಿಂದ ತುಳಿಯಬೇಡಿ, ದಾರಿಯ ಮಸೀದಿಯಲ್ಲಿ ನಮಾಝ್ ಮುಗಿಸಿ, ನೀರು ಕುಡಿದು ಮುಂದುವರಿಯಿರಿ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ತಿಳಿ ಬಣ್ಣದ ಬಟ್ಟೆ ಕಡ್ಡಾಯ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ಪಟ್ಟಿ ಬಿಗಿಯಾಗಿರಲಿ. ಸ್ತ್ರೀಯರು ಸವಾರಿ ಮಾಡುವುದಾದರೆ ಬುರ್ಖಾ ಅಥವಾ ದುಪಟ್ಟಾದ ಅಂಚು ಚೈನಿಗೆ ಸಿಗದಂತೆ ಚೈನ್ ಕವರ್, ಹಿಂಬದಿ ಚಕ್ರಕ್ಕೆ ಬಲೆ ಹಾಕಿಸಬೇಕು.

ಮಳೆ, ಕೆಸರು, ಶುಚಿತ್ವ

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ. ನಿಂತ ನೀರಿನಡಿ ಹೊಂಡವಿದೆಯೋ ತೆರೆದ ಚರಂಡಿಯಿದೆಯೋ ಕಾಣುವುದಿಲ್ಲ. ಇಲಿಗಳ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಆದ್ದರಿಂದ ನೀರು ನಿಲ್ಲುವ ರಸ್ತೆಯನ್ನು ಮಳೆಗಾಲಕ್ಕೆ ಬಿಟ್ಟುಬಿಡಿ. ಗಾಯವಿದ್ದರೆ ಮುಚ್ಚಿಕೊಳ್ಳಿ, ತಲುಪಿದ ಕೂಡಲೇ ಕಾಲನ್ನು ಸಾಬೂನಿನಿಂದ ತೊಳೆಯಿರಿ.

ಎರಡೂ ಚಕ್ರಗಳಿಗೆ ಮಡ್‌ಗಾರ್ಡ್ ಇದ್ದರೆ ಬಟ್ಟೆಗೆ ಕೆಸರು ಹಾರುವುದು ಕಡಿಮೆ. ತಪ್ಪಿಸಲಾಗದ ರಸ್ತೆ ಕೆಸರಿಗೆ ಕರ್ಮಶಾಸ್ತ್ರದಲ್ಲಿ ವಿನಾಯಿತಿ ಇದೆಯಾದರೂ, ಕೆಲಸದ ಜಾಗದಲ್ಲಿ ಒಂದು ಜೊತೆ ಶುಚಿ ಬಟ್ಟೆ, ಟವೆಲ್ ಇಟ್ಟುಕೊಳ್ಳಿ. ಬೆವರಿದ ಬಟ್ಟೆಯಲ್ಲೇ ದಿನವಿಡೀ ಕುಳಿತರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಬರುತ್ತದೆ.

ನಾಯಿ ಅಟ್ಟಿಸಿಕೊಂಡು ಬರುವ ತಿರುವಿದ್ದರೆ ವೇಗ ಹೆಚ್ಚಿಸದೆ ಇಳಿದು, ಸೈಕಲನ್ನು ನಡುವೆ ಇಟ್ಟು ನಡೆಯಿರಿ. ಕಚ್ಚಿದರೆ 15 ನಿಮಿಷ ಸಾಬೂನು ನೀರಿನಿಂದ ತೊಳೆದು ಅಂದೇ ಲಸಿಕೆ ಹಾಕಿಸಿಕೊಳ್ಳಿ.

ಎದೆನೋವು, ಹೃದಯದ ತೊಂದರೆ ಇರುವವರು ಮೊದಲು ವೈದ್ಯರ ಒಪ್ಪಿಗೆ ಪಡೆಯಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಸೇವಿಸುವವರ ಜೇಬಿನಲ್ಲಿ ನಾಲ್ಕು ಖರ್ಜೂರ ಇರಲಿ. ಕೈ ನಡುಗಿ ಬೆವರಿಳಿದರೆ ತಕ್ಷಣ ನಿಲ್ಲಿಸಿ ತಿನ್ನಿ. ರಮಝಾನಿನಲ್ಲಿ ಬಿಸಿಲಿನ ಏರು ಬೇಡ, ಬಸ್ಸೇ ಸಾಕು.

ಅರ್ಧ ದಾರಿಯೂ ದಾರಿಯೇ

ಎಷ್ಟು ಹುಡುಕಿದರೂ ಒಂದು ತುಣುಕು ಅಪಾಯದ್ದೇ ಉಳಿಯಬಹುದು. ಸೇತುವೆಯನ್ನು ಸುತ್ತಿ ಹೋಗಲು ಹತ್ತಿರದಲ್ಲಿ ಬೇರೆ ರಸ್ತೆ ಇಲ್ಲ. ಆಗ ಹಟ ಬೇಡ. ತೊಕ್ಕೊಟ್ಟಿನವರೆಗೆ ಸೈಕಲ್, ಅಲ್ಲಿ ಪರಿಚಯದ ಅಂಗಡಿಯ ಬಳಿ ಬೀಗ ಹಾಕಿ ಮುಂದೆ ಬಸ್ಸು. ಸಂಜೆ ಬಸ್ಸಿಳಿದು ಮತ್ತೆ ಸೈಕಲ್. ನಿಮ್ಮ ಹೃದಯಕ್ಕೆ ಸಿಗಬೇಕಾದ ಅರ್ಧ ಗಂಟೆ ಅಷ್ಟರಲ್ಲೇ ಸಿಗುತ್ತದೆ. ಹನ್ನೆರಡು ಕಿ.ಮೀ. ತುಳಿದೆನೆಂಬ ಹೆಗ್ಗಳಿಕೆಗಿಂತ, ಬಾಗಿಲಲ್ಲಿ ಕಾಯುವ ಮಕ್ಕಳಿಗೆ ಸಲಾಮ್ ಹೇಳಿ ಒಳಗೆ ಬರುವುದು ದೊಡ್ಡದು.

ಆರಿಸಿದ ದಾರಿಯನ್ನು ಮನೆಯವರಿಗೂ ತೋರಿಸಿ. ಯಾವ ರಸ್ತೆ, ಎಷ್ಟು ಹೊತ್ತು ಎಂದು ಅವರಿಗೆ ತಿಳಿದಿದ್ದರೆ ಆತಂಕ ಕಡಿಮೆ, ಬೇಕಾದಾಗ ಹುಡುಕುವುದೂ ಸುಲಭ. ದಾರಿಗೂ ನಮ್ಮ ಮೇಲೆ ಹಕ್ಕಿದೆ: ಎದುರು ದಿಕ್ಕಿನಲ್ಲಿ ನುಗ್ಗಬೇಡಿ, ನಡೆಯುವವರಿಗೆ ಜಾಗ ಬಿಡಿ, ರಸ್ತೆಯಲ್ಲಿ ಬಿದ್ದ ಗಾಜಿನ ಚೂರನ್ನು ಇಳಿದು ಬದಿಗೆ ಸರಿಸಿ. ಅದೂ ಸದಕಾ. ಬಿಸ್ಮಿಲ್ಲಾಹ್ ಎಂದು ಹೊರಡಿ. ಈ ದೇಹ ಅಲ್ಲಾಹನು ಕೊಟ್ಟ ಅಮಾನತ್ ಎಂಬ ನೆನಪಿರಲಿ.