ಹವೆಯ ಮಾರ್ಪಾಟೂ ಖುಷ್ಕಿ ರಾಗಿಯ ಬೇಸಾಯವೂ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿಯೂ ಬೆಂಗಳೂರಿನ ಸುತ್ತಣ ಸೀಮೆಯಲ್ಲಿಯೂ ರಾಗಿಯು ಮುಖ್ಯವಾದ ಆಹಾರದ ಬೆಳೆ. ಈ ಸೀಮೆಯ ಬಹುಭಾಗದಲ್ಲಿ ವರ್ಷಕ್ಕೆ ಸುಮಾರು 25ರಿಂದ 35 ಅಂಗುಲ ಮಳೆ ಬೀಳುತ್ತದೆ. ರಾಗಿಯ ಹೊಲಗಳಲ್ಲಿ ಹೆಚ್ಚಿನವು ಕೆಂಪು ಮಣ್ಣಿನ ಖುಷ್ಕಿ ಜಮೀನುಗಳು. ಅವುಗಳಿಗೆ ಮಳೆಯ ಹೊರತು ಬೇರೆ ಆಧಾರವಿಲ್ಲ. ಆದುದರಿಂದ ಇಲ್ಲಿಯ ರೈತನು ತಲೆತಲಾಂತರದಿಂದ ಮಳೆ ನಕ್ಷತ್ರಗಳನ್ನು ಎಣಿಸಿಕೊಂಡು ಬೇಸಾಯ ಮಾಡುತ್ತ ಬಂದಿದ್ದಾನೆ. ಭರಣಿ, ಕೃತ್ತಿಕೆಗಳಲ್ಲಿ ಉಳುಮೆ. ಆರಿದ್ರೆಯಿಂದ ಪುಷ್ಯದವರೆಗೆ ಬಿತ್ತನೆ. ಆಶ್ಲೇಷೆ, ಮಘೆಗಳಲ್ಲಿ ಕುಂಟೆ ಮತ್ತು ಕಳೆ. ಉತ್ತರೆ, ಹಸ್ತೆಗಳ ಮಳೆಯಲ್ಲಿ ತೆನೆ ಬಲಿಯುವುದು. ಸ್ವಾತಿ ಕಳೆದ ಮೇಲೆ ಒಣಹವೆಯಲ್ಲಿ ಕೊಯ್ಲು. ಇದು ಹಿರಿಯರು ಕಟ್ಟಿಕೊಟ್ಟ ಕ್ರಮ. ಈ ಕ್ರಮವು ಈಚಿನ ವರ್ಷಗಳಲ್ಲಿ ಪದೇ ಪದೇ ತಪ್ಪುತ್ತಿದೆ. ಅದಕ್ಕೆ ಕಾರಣವೇನು, ರೈತನು ತನ್ನ ಹೊಲದಲ್ಲಿ ಮಾಡತಕ್ಕದ್ದೇನು, ಗ್ರಾಮದ ಮುಖ್ಯಸ್ಥರು ಊರೊಟ್ಟಿಗೆ ಮಾಡಿಸತಕ್ಕದ್ದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಿದೆ.

ಮಾರ್ಪಾಟಿನ ಕಾರಣ

ಭೂಮಿಯನ್ನು ಆವರಿಸಿರುವ ವಾಯುಮಂಡಲದಲ್ಲಿ ಇಂಗಾಲಾಮ್ಲ ವಾಯುವು ಅತ್ಯಲ್ಪವಾಗಿದ್ದರೂ, ನೆಲದ ಕಾವು ಆಕಾಶಕ್ಕೆ ಹೋಗಿ ನಷ್ಟವಾಗದಂತೆ ಅದು ಕಂಬಳಿಯ ಹಾಗೆ ತಡೆಯುತ್ತದೆ. ಯಂತ್ರ ಕಾರ್ಖಾನೆಗಳು ಹೆಚ್ಚುವುದಕ್ಕೆ ಮುಂಚೆ, ಎಂದರೆ 1750ರ ಸುಮಾರಿನಲ್ಲಿ, ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲವು ಸುಮಾರು 280 ಭಾಗವಿತ್ತು. ಕಲ್ಲಿದ್ದಲು, ಕಲ್ಲೆಣ್ಣೆಗಳನ್ನು ಅಪಾರವಾಗಿ ಉರಿಸಿದುದರಿಂದಲೂ ಕಾಡುಗಳನ್ನು ಕಡಿದುದರಿಂದಲೂ ಅದು ಈಗ 420 ಭಾಗಗಳನ್ನು ಮೀರಿದೆ. ಕಂಬಳಿ ದಪ್ಪವಾದಂತೆ ಭೂಮಿಯ ಕಾವೂ ಏರಿದೆ. 1901ರಿಂದ 2018ರ ವರೆಗೆ ಭಾರತದ ಸರಾಸರಿ ಉಷ್ಣತೆಯು ಸುಮಾರು 0.7 ಡಿಗ್ರಿ ಸೆಂಟಿಗ್ರೇಡ್ ಏರಿರುವುದಾಗಿ ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯದವರು 2020ರಲ್ಲಿ ಪ್ರಕಟಿಸಿದ ವರದಿಯಿಂದ ತಿಳಿದುಬರುತ್ತದೆ.

ಒಂದು ಡಿಗ್ರಿಗೂ ಕಡಮೆಯಾದ ಈ ಏರಿಕೆಯಿಂದ ಆಗುವುದೇನೆಂದು ಕೇಳುವವರುಂಟು. ಗಾಳಿಯು ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಮಳೆಯಿಲ್ಲದ ದಿನಗಳಲ್ಲಿ ಅದು ನೆಲದ ತೇವವನ್ನು ಬೇಗ ಹೀರುತ್ತದೆ. ಮಳೆಯಾಗುವ ದಿನ ಹಿಡಿದುದನ್ನು ಒಟ್ಟಿಗೆ ಸುರಿಯುತ್ತದೆ. ಹೀಗೆ ಒಂದೇ ಕಾರಣದಿಂದ ಬರವೂ ಹೆಚ್ಚಬಹುದು, ನೆರೆಯೂ ಹೆಚ್ಚಬಹುದು.

ಬರವು ಈ ನಾಡಿಗೆ ಹೊಸದಲ್ಲವೆಂಬುದು ನಿಜ. 1876ರಿಂದ 1878ರ ವರೆಗಿನ ಕ್ಷಾಮವು ಮೈಸೂರು ಸಂಸ್ಥಾನವನ್ನು ಎಷ್ಟು ಹಾಳುಮಾಡಿತೆಂಬುದು ಖಾನೇಷುಮಾರಿಯಿಂದಲೇ ವ್ಯಕ್ತವಾಗುತ್ತದೆ: 1871ರಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆದುದರಿಂದ ಪ್ರತಿಯೊಂದು ಬರಕ್ಕೂ ಹವೆಯ ಮಾರ್ಪಾಟೇ ಕಾರಣವೆನ್ನಲಾಗದು. ಹಿಂದೆ ಅಪರೂಪವಾಗಿದ್ದ ವಿಪರೀತಗಳು ಈಗ ಬೇಗ ಬೇಗನೆ ಬರುತ್ತವೆಂಬುದೇ ಇಲ್ಲಿ ಗಮನಿಸಬೇಕಾದ ವಿಷಯ.

ಎರಡು ವರ್ಷಗಳ ದೃಷ್ಟಾಂತ

2021ರಲ್ಲಿ ರಾಗಿಯ ಪೈರು ಚೆನ್ನಾಗಿಯೇ ಬಂದಿತ್ತು. ಆದರೆ ನವೆಂಬರ್ ತಿಂಗಳಿನಲ್ಲಿ, ಒಣಹವೆ ಇರಬೇಕಾದ ವಿಶಾಖೆ, ಅನೂರಾಧೆಗಳಲ್ಲಿ, ಬಿಡದೆ ಮಳೆ ಸುರಿಯಿತು. ನಿಂತ ಪೈರು ನೆಲಕ್ಕೆ ಒರಗಿತು. ಕೊಯ್ದು ಹರವಿದ್ದ ಅರಿಗಳು ನೆನೆದು ತೆನೆಯಲ್ಲಿಯೇ ಕಾಳು ಮೊಳೆಯಿತು. ಹುಲ್ಲು ಕಪ್ಪಾಗಿ ದನಗಳು ಮೂಸದಂತಾಯಿತು. ಎರಡು ವರ್ಷ ಕಳೆಯುವುದರೊಳಗೆ, 2023ರ ಆಗಸ್ಟ್ ತಿಂಗಳು ಇಡೀ ದೇಶಕ್ಕೆ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಆಯಿತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು.

ಈ ಎರಡು ವರ್ಷಗಳನ್ನು ಜೊತೆಯಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೆಟ್ಟಿರುವುದು ಮಳೆಯ ಮೊತ್ತಕ್ಕಿಂತ ಮಳೆಯ ಸರದಿ. ಇಂಥ ನಕ್ಷತ್ರದಲ್ಲಿ ಮಳೆ ಬಂದೇ ಬರುವುದೆಂದು ನಂಬಿ ಒಂದೇ ತಳಿಯನ್ನು ಒಂದೇ ಸಲ ಬಿತ್ತುವ ಬೇಸಾಯವು ಇನ್ನು ನಡೆಯಲಾರದು. ಹಿಂದಿನವರು ಒಳ್ಳೆಯ ವರ್ಷದ ರಾಗಿಯನ್ನು ಹಗೇವಿನಲ್ಲಿಟ್ಟು ಕೆಟ್ಟ ವರ್ಷವನ್ನು ದಾಟುತ್ತಿದ್ದರು. ಈಗ ಧಾನ್ಯದೊಂದಿಗೆ ನೀರನ್ನೂ ಬೀಜವನ್ನೂ ಅದೇ ರೀತಿಯಲ್ಲಿ ಕೂಡಿಡಬೇಕಾಗಿದೆ.

ಹೊಲದಲ್ಲಿ ನೀರನ್ನು ತಡೆಯುವುದು

ಒಂದು ಎಕರೆ ಹೊಲದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು 3,630 ಘನ ಅಡಿ, ಎಂದರೆ ಒಂದು ಲಕ್ಷ ಲೀಟರಿಗೂ ಮೀರಿದ ನೀರು. ಇಳಿಜಾರಾದ ಕೆಂಪು ನೆಲದಲ್ಲಿ ಬಿರುಮಳೆಯ ನೀರಿನ ದೊಡ್ಡ ಭಾಗವು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹಳ್ಳದ ಪಾಲಾಗುತ್ತದೆ. ಅದನ್ನು ತಡೆಯಲು ಮೂರು ಕೆಲಸಗಳು ಅವಶ್ಯ.

ಮೊದಲನೆಯದು ಮಾಗಿ ಉಳುಮೆ. ಕೊಯ್ಲಾದ ಕೂಡಲೇ ನೆಲದಲ್ಲಿ ಹದವಿರುವಾಗಲೇ ಉತ್ತರೆ, ಮುಂದಿನ ವರ್ಷದ ಮೊದಲ ಮಳೆಗಳು ನೆಲಕ್ಕೆ ಇಳಿಯುತ್ತವೆ. ಎರಡನೆಯದು ಬದು. ಬದುಗಳನ್ನು ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಹಾಕಿಸಬೇಕು. ಉಳುಮೆ ಬಿತ್ತನೆಗಳೂ ಇಳಿಜಾರಿಗೆ ಅಡ್ಡಲಾಗಿಯೇ ನಡೆಯಬೇಕು. ಮೂರನೆಯದು ಗೊಬ್ಬರ. ಕೊಟ್ಟಿಗೆಯ ಗೊಬ್ಬರವೂ ಕೆರೆಗೋಡೂ ಸೇರಿದ ಕೆಂಪು ಮಣ್ಣು ಬರಿಯ ಕೆಂಪು ಮಣ್ಣಿಗಿಂತ ಹೆಚ್ಚು ಕಾಲ ತೇವವನ್ನು ಹಿಡಿದಿಡುತ್ತದೆ. ಬದುಗಳ ಮೇಲೆ ಹೊಂಗೆ, ಗೊಬ್ಬರದ ಗಿಡಗಳನ್ನು ಬೆಳೆಸಿದರೆ ಸೊಪ್ಪೂ ದೊರೆಯುತ್ತದೆ, ಬದುವೂ ನಿಲ್ಲುತ್ತದೆ.

ಕೃಷಿಹೊಂಡದ ಲೆಕ್ಕ

ಇಷ್ಟಾದ ಮೇಲೂ ಹೊಲವನ್ನು ಮೀರಿ ಹರಿಯುವ ನೀರಿಗೆ ಹೊಂಡವೇ ಗತಿ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ರಾಜ್ಯದಲ್ಲಿ ಕೃಷಿಹೊಂಡಗಳು ವಿಶೇಷವಾಗಿ ಪ್ರಚಾರಕ್ಕೆ ಬಂದವು. ಹೊಂಡದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಲೆಕ್ಕಹಾಕಿ ತಿಳಿಯುವುದು ಮೇಲು.

ಮೇಲೆ 40 ಅಡಿ ಚೌಕ, ತಳದಲ್ಲಿ 20 ಅಡಿ ಚೌಕ, 10 ಅಡಿ ಆಳವಿರುವ ಹೊಂಡದಲ್ಲಿ ಸುಮಾರು 9,300 ಘನ ಅಡಿ ನೀರು ನಿಲ್ಲುತ್ತದೆ. ಮೂರು ಎಕರೆ ಹೊಲದಿಂದ ಮಳೆಗಾಲದಲ್ಲಿ ಒಟ್ಟು ಒಂದು ಅಂಗುಲದಷ್ಟು ನೀರು ಹರಿದುಬಂದರೂ ಇದು ತುಂಬುವುದು. ಇದರಲ್ಲಿ ಅರ್ಧವು ಇಂಗಿಯೂ ಆವಿಯಾಗಿಯೂ ಹೋಯಿತೆಂದು ಎಣಿಸಿದರೆ, ಉಳಿದ ಅರ್ಧದಿಂದ ಒಂದು ಎಕರೆ ರಾಗಿಗೆ ಒಂದೂಕಾಲು ಅಂಗುಲದ ಒಂದು ನೀರು ಕೊಡಬಹುದು. ತಳಕ್ಕೂ ಪಕ್ಕಗಳಿಗೂ ಹಾಳೆ ಹಾಸಿ ಇಂಗುವುದನ್ನು ತಡೆದರೆ ಇನ್ನೂ ಹೆಚ್ಚು ಉಳಿಯುವುದು. ಹೊಂಡವು ಮೂರು ಎಕರೆಯನ್ನೂ ಉಳಿಸಲಾರದು. ಒಂದು ಎಕರೆಯನ್ನು ಉಳಿಸಬಲ್ಲುದು. ಹೂ ಕಟ್ಟುವ ಕಾಲದಲ್ಲಿ ಕೊಟ್ಟ ಆ ಒಂದು ನೀರು ಮನೆಯ ಹಿಟ್ಟಿಗೂ ದನದ ಮೇವಿಗೂ ದಾರಿಯಾಗುತ್ತದೆ. ಅಂಚಿನ ಮಣ್ಣೂ ಸೇರಿ ಹೊಂಡಕ್ಕೆ ಹೋಗುವ ನೆಲ ಮೂರು ಗುಂಟೆಯನ್ನು ಮೀರದು. ಮೂರು ಎಕರೆಯಲ್ಲಿ ಇದು ನಲವತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚೇನೂ ಆಗದು.

ಹೊಂಡಕ್ಕೆ ಸುತ್ತಲೂ ಬೇಲಿ ಇರಲೇಬೇಕು. ಹಾಳೆ ಹಾಸಿದ ಪಕ್ಕಗಳು ಜಾರುವುದರಿಂದ ಒಳಗೆ ಬಿದ್ದ ಮಗುವಾಗಲಿ ಕರುವಾಗಲಿ ಹತ್ತಿಬರಲಾಗುವುದಿಲ್ಲ. ಬೇಲಿಯಿಲ್ಲದ ಹೊಂಡವು ಊರಿನಲ್ಲಿ ಒಂದೂ ಇರದಂತೆ ಮುಖ್ಯಸ್ಥರು ನೋಡಿಕೊಳ್ಳತಕ್ಕದ್ದು.

ಮೂರು ಕಾಲಕ್ಕೆ ಮೂರು ಬೀಜ

ಮುಂಗಾರು ಸಕಾಲದಲ್ಲಿ ಬಂದು ಜುಲೈ ಮಧ್ಯದೊಳಗೆ ಬಿತ್ತಲು ಹದವಾದರೆ 120ರಿಂದ 125 ದಿನಗಳ ಎಂ.ಆರ್. 6ರಂತಹ ದೀರ್ಘಾವಧಿಯ ತಳಿಯನ್ನು ಬಿತ್ತಬಹುದು. ಹದವು ತಡವಾಗಿ ಆಗಸ್ಟ್ ಮಧ್ಯದವರೆಗೆ ಹೋದರೆ 110ರಿಂದ 115 ದಿನಗಳ ಜಿ.ಪಿ.ಯು. 28 ಸೂಕ್ತ, ಇದು ಬೆಂಕಿರೋಗವನ್ನೂ ತಡೆದುಕೊಳ್ಳುತ್ತದೆ. ಅದಕ್ಕೂ ತಡವಾದರೆ ಸುಮಾರು 95ರಿಂದ 100 ದಿನಗಳ ಜಿ.ಪಿ.ಯು. 48 ಒಂದೇ ದಾರಿ. ಆಗಸ್ಟ್ ಕಳೆದ ಮೇಲೆ ರಾಗಿಯ ಆಸೆಯನ್ನು ಬಿಟ್ಟು ಹುರುಳಿಯನ್ನು ಬಿತ್ತುವುದೇ ವಿವೇಕ. ಆಗಸ್ಟಿನಲ್ಲಿ ದೀರ್ಘಾವಧಿಯ ರಾಗಿಯನ್ನು ಬಿತ್ತಿದವನ ಪೈರು ಮಳೆ ನಿಂತ ಮೇಲೆ ಹೂಬಿಟ್ಟು ಜೊಳ್ಳಾಗುವುದು.

ಮಳೆ ಬಂದ ದಿನ ಬೀಜಕ್ಕಾಗಿ ಪಟ್ಟಣಕ್ಕೆ ಓಡುವವನಿಗೆ ಹದ ತಪ್ಪುತ್ತದೆ. ಮೂರು ಬಗೆಯ ಬೀಜವೂ ಊರಿನಲ್ಲಿಯೇ ಸಿದ್ಧವಿರಬೇಕು. ಕೂರಿಗೆಯ ಬಿತ್ತನೆಗೆ ಎಕರೆಗೆ ಬೇಕಾಗುವುದು ನಾಲ್ಕೈದು ಕಿಲೋ ಬೀಜ ಮಾತ್ರ. ನಾಟಿಗೆ ಎರಡು ಕಿಲೋ ಸಾಕು. ನೀರಿನ ಅನುಕೂಲವಿರುವ ಜಮೀನುದಾರರು ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಸಸಿಮಡಿಗಳನ್ನು ಹಾಕಿ ನೆರೆಯವರಿಗೂ ಪೈರು ಒದಗಿಸಿದರೆ, ಮಳೆ ಯಾವಾಗ ಬಂದರೂ 20ರಿಂದ 25 ದಿನಗಳ ಪೈರು ನಾಟಿಗೆ ದೊರೆಯುವುದು. ಇದರಿಂದ ಕಳೆದುಹೋದ ಮೂರು ವಾರಗಳನ್ನು ಹಿಂದಕ್ಕೆ ಪಡೆದಂತಾಗುವುದು.

ಅಕ್ಕಡಿ ಸಾಲನ್ನು ಬಿಡಬಾರದು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಇದ್ದರೆ, ಆಳಕ್ಕೆ ಬೇರುಬಿಡುವ ತೊಗರಿಯು ರಾಗಿ ಒಣಗಿದ ವರ್ಷವೂ ಕೈಗೆ ಏನಾದರೂ ಕೊಡುತ್ತದೆ.

ಕೊಯ್ಲೂ ವಿಮೆಯೂ

2021ರ ನಷ್ಟದಿಂದ ಕಲಿಯಬೇಕಾದ ಪಾಠವೆಂದರೆ, ತೆನೆ ಬಲಿತ ಮೇಲೆ ಕೊಯ್ಲನ್ನು ಮುಂದಕ್ಕೆ ಹಾಕದಿರುವುದು, ಅರಿಯನ್ನು ಹೊಲದಲ್ಲಿ ಹೆಚ್ಚು ದಿನ ಬಿಡದಿರುವುದು, ಮೆದೆಯನ್ನು ಎತ್ತರದ ನೆಲದಲ್ಲಿ ಒಟ್ಟಿ ಮೇಲೆ ಹೊದಿಸುವುದು. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯಗಳಿಗೆ ರೈತನು ಕಟ್ಟಬೇಕಾದ ಕಂತು ವಿಮಾ ಮೊತ್ತದ ನೂರಕ್ಕೆ 2 ಮಾತ್ರ. ಕೊಯ್ದು ಹರವಿದ ಪೈರು 14 ದಿನಗಳೊಳಗೆ ಅಕಾಲ ಮಳೆಯಿಂದ ಕೆಟ್ಟರೂ ಪರಿಹಾರಕ್ಕೆ ಅವಕಾಶವಿದೆ; ಆದರೆ ನಷ್ಟವಾದ 72 ಗಂಟೆಗಳೊಳಗೆ ತಿಳಿಸಬೇಕು. ಓದುಬರಹ ತಿಳಿಯದ ಸಣ್ಣ ರೈತನಿಗೆ ಈ ಅವಧಿ ಮೀರದಂತೆ ಸಹಾಯ ಮಾಡುವುದು ಗ್ರಾಮದ ತಿಳಿದವರ ಕರ್ತವ್ಯ.

ಕೆರೆಯು ಗ್ರಾಮದ ಹೊಣೆ

ಇದುವರೆಗೆ ಹೇಳಿದ್ದು ಒಬ್ಬೊಬ್ಬನೂ ತನ್ನ ಹೊಲದಲ್ಲಿ ಮಾಡಿಕೊಳ್ಳಬಹುದಾದ ಕೆಲಸ. ಒಬ್ಬನಿಂದಾಗದ ಕೆಲಸವೊಂದಿದೆ, ಅದು ಕೆರೆ. ಕೆರೆ ತುಂಬಿದರೆ ಸುತ್ತಿನ ಬಾವಿಗಳಲ್ಲಿ ನೀರೇರುತ್ತದೆ, ಬರದಲ್ಲಿ ದನಗಳಿಗೆ ಆಸರೆಯಾಗುತ್ತದೆ. ಕೆರೆಗಳು ತುಂಬದೆ ಹೋದ ಊರುಗಳಲ್ಲಿ ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ದಾಟಿವೆ. ಹಣವುಳ್ಳವನು ಇನ್ನೂ ಆಳಕ್ಕೆ ಕೊರೆಸುತ್ತಾನೆ. ಅವನ ನೆರೆಯ ಬಡವನ ಬಾವಿ ಬತ್ತುತ್ತದೆ. ಕೊನೆಗೆ ಇಬ್ಬರಿಗೂ ನೀರಿಲ್ಲ.

ಮಳೆ ಸುರಿದರೂ ಕೆರೆ ತುಂಬದಿರುವುದಕ್ಕೆ ಅನೇಕ ಕಡೆಗಳಲ್ಲಿ ಕಾರಣವು ಆಕಾಶದಲ್ಲಿಲ್ಲ, ನೆಲದಲ್ಲಿಯೇ ಇದೆ. ಕೆರೆಗೆ ನೀರು ತರುವ ಕಾಲುವೆಗಳನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡಿರುತ್ತಾರೆ. ಹೀಗೆ ಮಾಡಿದವರಲ್ಲಿ ಊರಿನ ದೊಡ್ಡ ಹಿಡುವಳಿದಾರರೂ ಇರುವುದುಂಟು. ಅವರಿಗೆ ದೊರೆತದ್ದು ನಾಲ್ಕೈದು ಗುಂಟೆ. ಊರು ಕಳೆದುಕೊಂಡದ್ದು ಇಡೀ ಕೆರೆ. ಇದನ್ನು ಹೇಳಲು ಸಣ್ಣ ರೈತನಿಗೆ ಬಾಯಿಲ್ಲ. ಮುಖ್ಯಸ್ಥನಾದವನು ಮೊದಲು ತನ್ನ ಜಮೀನಿನ ಅಂಚನ್ನು ಅಳೆಯಿಸಿ, ಒತ್ತುವರಿ ಇದ್ದರೆ ತಾನೇ ಬಿಟ್ಟುಕೊಟ್ಟನೆಂದರೆ ಉಳಿದವರಿಗೆ ಹೇಳುವ ಅಧಿಕಾರ ಅವನಿಗೆ ತಾನಾಗಿಯೇ ಬರುತ್ತದೆ.

ಬೇಸಗೆಯಲ್ಲಿ ಕಾಲುವೆಯ ಗಿಡಗಂಟಿಗಳನ್ನು ತೆಗೆಸಿ, ಹೂಳನ್ನು ಎತ್ತಿಸಿ ಹೊಲಗಳಿಗೆ ಹಂಚತಕ್ಕದ್ದು. ಅಷ್ಟೇ ಮುಖ್ಯವಾದುದು ಏರಿ, ತೂಬು, ಕೋಡಿಗಳ ತಪಾಸಣೆ. ಏರಿಯ ಮೇಲಿನ ಮರಗಳ ಬೇರು, ಹೆಗ್ಗಣಗಳ ಬಿಲ, ಮುಚ್ಚಿಹೋದ ಕೋಡಿ, ಇವು ಒಂದೇ ರಾತ್ರಿಯ ಬಿರುಮಳೆಗೆ ಕೆರೆಯನ್ನು ಒಡೆಯಿಸಬಲ್ಲವು. ಬರಕ್ಕೆ ಸಿದ್ಧವಾದ ಕೆರೆಯು ನೆರೆಗೂ ಸಿದ್ಧವಾಗಿರಬೇಕು.

ವಾಯುವಿಗೆ ಈ ಅನಿಲವನ್ನು ತುಂಬಿದವರಲ್ಲಿ ರಾಗಿ ಬೆಳೆಯುವ ರೈತನ ಪಾಲು ಅತ್ಯಲ್ಪ. ಅದರ ಫಲವನ್ನು ಉಣ್ಣುವವರಲ್ಲಿ ಅವನೇ ಮೊದಲಿಗ. 2023ರಂತಹ ವರ್ಷದಲ್ಲಿ ಮೇಲೆ ಹೇಳಿದ ಉಪಾಯಗಳೆಲ್ಲ ಸೇರಿಯೂ ಪೂರ್ಣ ಬೆಳೆಯನ್ನು ಕೊಡಲಾರವು. ಆದರೆ ಒಂದು ಎಕರೆ ರಾಗಿ, ನಾಲ್ಕು ಸಾಲು ತೊಗರಿ, ಒಂದು ಮೆದೆ ಹುಲ್ಲು, ತಳದಲ್ಲಿ ನೀರಿರುವ ಕೆರೆ, ಇಷ್ಟು ಉಳಿದರೆ ಸಂಸಾರವು ದನಗಳನ್ನು ಮಾರಿ ಊರು ಬಿಡಬೇಕಾದ ಪ್ರಸಂಗ ತಪ್ಪುತ್ತದೆ. ಮುಂದಿನ ಭರಣಿಯ ಮಳೆ ಬೀಳುವುದಕ್ಕೆ ಮುಂಚೆ ಕಾಲುವೆಯನ್ನು ಒಮ್ಮೆ ಆದಿಯಿಂದ ಅಂತ್ಯದವರೆಗೆ ನಡೆದು ನೋಡುವುದರಿಂದ ಗ್ರಾಮದ ಹಿರಿಯರು ಈ ಕಾರ್ಯವನ್ನು ಆರಂಭಿಸಬಹುದು.