ಕರಿ ಚೌಳು ಭೂಮಿಗೆ ಜಿಪ್ಸಂ ಉಪಚಾರ

ನಾಲೆಯ ನೀರು ಹರಿಯಲಾರಂಭಿಸಿದ ಮೇಲೆ ತಗ್ಗಿನ ಜಮೀನುಗಳು ಚೌಳೇರಿ ಬೀಳು ಬೀಳುವುದು ಒಕ್ಕಲುಗಾರರಿಗೆ ತಿಳಿದ ಸಂಗತಿಯೇ ಆಗಿದೆ. ಇಂತಹ ಭೂಮಿಯು ಕೆಟ್ಟಿತೆಂದು ಕೈಬಿಡಬೇಕಾದುದಿಲ್ಲ. ಆದರೆ ಚೌಳಿನ ಬಗೆಯನ್ನು ಅರಿಯದೆ ಮಾಡುವ ವೆಚ್ಚವು ನೀರಿನಲ್ಲಿ ಹೋಮ ಮಾಡಿದಂತೆ.

ಚೌಳಿನ ಬಗೆಗಳು.— ಬಿಳಿ ಚೌಳಿನಲ್ಲಿ ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಉಪ್ಪು ಹೊರಡುವುದು. ಮಣ್ಣು ಸಡಿಲವಾಗಿದ್ದು ನೀರು ಇಂಗುವುದು. ಇದಕ್ಕೆ ಬಸಿಗಾಲುವೆಯೂ ಸಿಹಿನೀರೂ ಸಾಕು. ಕರಿ ಚೌಳು ಇದಕ್ಕಿಂತ ಕಠಿನವಾದುದು. ಇದರಲ್ಲಿ ಬಟ್ಟೆ ಒಗೆಯುವ ಸೋಡ, ಅಂದರೆ ಸೋಡಿಯಂ ಕಾರ್ಬೊನೇಟ್ ಇರುವುದು. ಇದು ಮಣ್ಣಿನ ಸಾವಯವಾಂಶವನ್ನು ಕರಗಿಸುವುದರಿಂದ ನೆಲದ ಮೇಲೆ ಕಪ್ಪು ಕಲೆ ಕಾಣುವುದು. ಮಣ್ಣು ನೆನೆದರೆ ಅಂಟಾಗಿ, ಒಣಗಿದರೆ ಕಲ್ಲಿನಂತಾಗುವುದು. ನೀರು ದಿನಗಟ್ಟಲೆ ಇಂಗದೆ ನಿಲ್ಲುವುದು.

ಕಾರಣ.— ಜೇಡಿಯ ಕಣಗಳು ತಮ್ಮ ಮೈಮೇಲೆ ಕೆಲವು ಧಾತುಗಳನ್ನು ಹಿಡಿದುಕೊಂಡಿರುವುವು. ಒಳ್ಳೆಯ ಮಣ್ಣಿನಲ್ಲಿ ಹೆಚ್ಚಾಗಿರುವುದು ಸುಣ್ಣದ ಮೂಲಧಾತುವಾದ ಕ್ಯಾಲ್ಸಿಯಂ. ಅದರಿಂದ ಕಣಗಳು ಒಂದಕ್ಕೊಂದು ಕೂಡಿಕೊಂಡು, ನಡುವೆ ನೀರಿಗೂ ಗಾಳಿಗೂ ದಾರಿಯಿರುವುದು. ಕರಿ ಚೌಳಿನಲ್ಲಿ ಆ ಸ್ಥಾನವನ್ನು ಸೋಡಿಯಂ ಆಕ್ರಮಿಸಿ, ಕಣಗಳು ಚದರಿ ದಾರಿಗಳನ್ನು ಮುಚ್ಚುವುವು. ಆದುದರಿಂದ ಬರಿಯ ನೀರಿನಿಂದ ತೊಳೆದರೆ ಪ್ರಯೋಜನವಿಲ್ಲ.

ಜಿಪ್ಸಮ್ಮಿನ ಕೆಲಸ.— ಜಿಪ್ಸಂ ಎಂಬುದು ಕ್ಯಾಲ್ಸಿಯಂ ಸಲ್ಫೇಟ್. ಲೀಟರು ನೀರಿನಲ್ಲಿ ಸುಮಾರು 2½ ಗ್ರಾಂ ಕರಗುವುದು. ಕರಗಿದ ಕ್ಯಾಲ್ಸಿಯಂ ಎರಡು ಕಾರ್ಯಗಳನ್ನು ಮಾಡುವುದು. ಮೊದಲನೆಯದಾಗಿ, ಸೋಡದೊಡನೆ ಸೇರಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟಾಗಿ ತಳಕ್ಕಿಳಿಯುವುದು. ಎರಡನೆಯದಾಗಿ, ಜೇಡಿಯ ಮೇಲಿನ ಸೋಡಿಯಮ್ಮನ್ನು ಹೊರದೂಡಿ ತಾನು ಆ ಸ್ಥಾನದಲ್ಲಿ ನಿಲ್ಲುವುದು. ಎರಡರಿಂದಲೂ ಉಂಟಾಗುವ ಸೋಡಿಯಂ ಸಲ್ಫೇಟ್ ನೀರಿನಲ್ಲಿ ಸುಲಭವಾಗಿ ಕರಗಿ ಬಸಿದು ಹೋಗುವುದು. ಲೆಕ್ಕದ ಪ್ರಕಾರ 106 ಭಾಗ ನಿರ್ಜಲ ಸೋಡಕ್ಕೆ 172 ಭಾಗ ಶುದ್ಧ ಜಿಪ್ಸಂ ಬೇಕು.

ಸುಣ್ಣಕಲ್ಲಿನ ಪುಡಿಯನ್ನೇ ಹಾಕಬಾರದೇಕೆ ಎಂದು ಕೆಲವರು ಕೇಳಬಹುದು. ಸುಣ್ಣಕಲ್ಲೂ ಮೇಲೆ ಹೇಳಿದ ಕರಗದ ಕ್ಯಾಲ್ಸಿಯಂ ಕಾರ್ಬೊನೇಟೇ ಆಗಿರುವುದರಿಂದ ಇಂತಹ ಭೂಮಿಯಲ್ಲಿ ಅದು ಕೆಲಸಕ್ಕೆ ಬಾರದು.

ಪರೀಕ್ಷೆ.— ಜಿಪ್ಸಂ ಕಲಕಿಟ್ಟ ತಿಳಿನೀರಿಗೆ ಒಗೆಯುವ ಸೋಡದ ನೀರನ್ನು ಹೊಯ್ದರೆ ಹಾಲಿನಂತಾಗಿ ಬಿಳಿಯ ಗಸಿ ಇಳಿಯುವುದು. ಬಳಿಕ ಎರಡು ಗಾಜಿನ ಲೋಟಗಳಲ್ಲಿ ಮಳೆನೀರಿನೊಡನೆ ಕರಿ ಚೌಳು ಮಣ್ಣನ್ನು ಕಲಕಿ, ಒಂದಕ್ಕೆ ಮಾತ್ರ ಒಂದು ಚಮಚ ಜಿಪ್ಸಂ ಹಾಕಿ ಕದಡಿ ಇಡಿರಿ. ಜಿಪ್ಸಂ ಹಾಕಿದ ನೀರು ಬೇಗನೆ ತಿಳಿಯಾಗುವುದು. ಇನ್ನೊಂದು ಬಹಳ ಹೊತ್ತು ಬಗ್ಗಡವಾಗಿಯೇ ಇರುವುದು.

ಮಾಡತಕ್ಕ ಕ್ರಮ.—
(1) ಮೊದಲು ಬಸಿಗಾಲುವೆ ತೆಗೆಯತಕ್ಕದ್ದು. ಇದಿಲ್ಲದೆ ಹಾಕಿದ ಜಿಪ್ಸಂ ವ್ಯರ್ಥ.
(2) ಮಣ್ಣನ್ನು ಪರೀಕ್ಷೆ ಮಾಡಿಸಿ ಪ್ರಮಾಣವನ್ನು ತಿಳಿಯತಕ್ಕದ್ದು. ಗಂಗಾ ಬಯಲಿನ ಕಡುಚೌಳಿಗೆ ಎಕರೆಗೆ 4ರಿಂದ 6 ಟನ್ ಹಾಕುವುದುಂಟು.
(3) ನೆಲವನ್ನು ಮಟ್ಟ ಮಾಡಿ, ಬದು ಕಟ್ಟಿ, ಪುಡಿ ಮಾಡಿದ ಜಿಪ್ಸಮ್ಮನ್ನು ಹರಡಿ ಮೇಲಿನ 4 ಅಂಗುಲ ಮಣ್ಣಿನಲ್ಲಿ ಮಾತ್ರ ಬೆರಸಬೇಕು. ಆಳಕ್ಕೆ ಉತ್ತರೆ ಬಲವು ಹಂಚಿಹೋಗುವುದು.
(4) ಒಂದು ವಾರಕ್ಕೆ ಕಡಮೆಯಿಲ್ಲದೆ ಸಿಹಿನೀರು ನಿಲ್ಲಿಸಿ, ಬಸಿದು ಹೊರಡಿಸಬೇಕು.
(5) ಮೊದಲನೆಯ ಬೆಳೆಯಾಗಿ ಬತ್ತವನ್ನು ನಾಟಿ ಮಾಡುವುದು ಉತ್ತಮ. ಮುಂದೆ ಡಯಾಂಚ ಹಸಿರುಗೊಬ್ಬರವು ಹಿತಕರ. ಭೂಮಿಯನ್ನು ಬಹುಕಾಲ ಬರಿದಾಗಿ ಬಿಟ್ಟರೆ ಉಪ್ಪು ಪುನಃ ಮೇಲೇರುವುದು.

ಗ್ರಾಮದ ಮುಖಂಡರಿಗೆ.— ಒಬ್ಬನ ಬಸಿನೀರು ಕೆಳಗಿನವನ ಗದ್ದೆಗೆ ಬಿದ್ದರೆ ಒಬ್ಬನ ಭೂಮಿ ಉದ್ಧಾರವಾಗಿ ಇನ್ನೊಬ್ಬನದು ಹಾಳಾಗುವುದು. ಆದುದರಿಂದ ಹಳ್ಳದವರೆಗೆ ಎಲ್ಲರಿಗೂ ಸೇರಿದ ಒಂದು ಕಾಲುವೆಯನ್ನು ಕೂಡಿ ತೋಡಿಸಿ, ವರ್ಷವರ್ಷವೂ ಹೂಳು ತೆಗೆಯಿಸುವ ಹೊಣೆಯನ್ನು ಮುಖಂಡರು ವಹಿಸಬೇಕು. ಜಿಪ್ಸಮ್ಮನ್ನು ತರಿಸುವುದು ಅನಂತರದ ಮಾತು.